ನಿಜವಾದ ಓದುಗರಿಗೆ ಮಾತ್ರ

ನಮ್ಮೂರ ಸಾಹಿತ್ಯ ಸಂಘದಲ್ಲಿ ನಾನು ಗುಮಾಸ್ತ. ಅಧ್ಯಕ್ಷ ಮರುಳಯ್ಯನವರ ಹೆಸರಲ್ಲಿ ಬ್ಲಾಗ್ ಬರೆಯುವವನೂ ನಾನೇ, ಅದರ ಕೆಳಗೆ ಬೀಳುವ ಕಸ ಗುಡಿಸುವವನೂ ನಾನೇ. "ಅದ್ಭುತ ಲೇಖನ! ಬೋಳುತಲೆಗೆ ನಮ್ಮ ಎಣ್ಣೆ ಹಚ್ಚಿ" ಅಂತ ದಿನಕ್ಕೆ ಮುನ್ನೂರು ಕಾಮೆಂಟು. ಅಳಿಸಿ ಅಳಿಸಿ ಬೆರಳು ಸವೆದುಹೋಯಿತು.

ಅಧ್ಯಕ್ಷರು ತಮ್ಮ ಬೋಳುತಲೆ ಸವರಿಕೊಂಡು ಗುಡುಗಿದರು. "ಸೋಮವಾರದಿಂದ ಒಂದು ಜಾಹೀರಾತೂ ಕಾಣಬಾರದು! ನನ್ನ ಲೇಖನ ಓದಿದವರನ್ನ ಮಾತ್ರ ಬಿಡು. ಇಲ್ಲದಿದ್ರೆ ನೀನು ಮನೆಗೆ ನಡಿ!"

ಸರಿ, ಕಾಮೆಂಟು ಹಾಕುವ ಜಾಗದಲ್ಲಿ ಒಂದು ಪ್ರಶ್ನೆ ಇಟ್ಟೆ: "ಈ ಲೇಖನದಲ್ಲಿ ಅಜ್ಜಿ ಏನು ಕಳೆದುಕೊಂಡರು?" ಉತ್ತರ ತಪ್ಪಾದರೆ ಪ್ರವೇಶವಿಲ್ಲ.

ಸೋಮವಾರ ಎಣ್ಣೆಯವರೆಲ್ಲ ಮಾಯ. ಹೈಸ್ಕೂಲ್ ಮೇಷ್ಟ್ರು, ಟೈಲರ್ ಹನೀಫ್ ಸಾಬರು "ಸುಣ್ಣದ ಡಬ್ಬಿ" ಅಂತ ಸರಿಯಾಗಿ ಬರೆದು ಒಳಗೆ ಬಂದರು.

ಮಂಗಳವಾರ ಅಧ್ಯಕ್ಷರ ಫೋನು. "ಏನಯ್ಯಾ ಇದು! ಓದುಗರಿಗೆ ಧನ್ಯವಾದ ಹೇಳೋಣ ಅಂದ್ರೆ ಬೆಳಗ್ಗೆಯಿಂದ ನನ್ನನ್ನೇ ಬಿಡ್ತಿಲ್ಲ! ಸರ ಅಂದೆ, ಓಲೆ ಅಂದೆ, ಮೂಗುತಿ ಅಂದೆ!"

"ನೀವು ಹೇಳಿದ ಹಾಗೇ ಮಾಡಿದ್ದೀನಿ ಸಾರ್," ಅಂದೆ. "ಅಜ್ಜಿ ನಿಮ್ಮವರು, ಲೇಖನಾನೂ ನಿಮ್ಮ ಹೆಸರಲ್ಲೇ ಇದೆ. ಒಂದ್ಸಲ ಓದಿಬಿಡಿ."