ಸವೆದ ಬುಷ್ಷಿನ ನಕಲು

"ಗುರುಗಳೇ, ನೀವು ಏಳುವ ಹೊತ್ತಿಗೇ ಏಳುತ್ತೇನೆ. ನೀವು ಉಣ್ಣುವಷ್ಟೇ ಉಣ್ಣುತ್ತೇನೆ. ನೀವು ಆಡದ ಮಾತನ್ನು ನಾನೂ ಆಡುವುದಿಲ್ಲ. ಆದರೂ ನಿಮಗಿರುವ ನೆಮ್ಮದಿ ನನಗೆ ಯಾಕೆ ಬರಲಿಲ್ಲ? ಇನ್ನೇನಾದರೂ ಬಿಟ್ಟುಹೋಗಿದ್ದರೆ ಹೇಳಿ, ಅದನ್ನೂ ಮಾಡುತ್ತೇನೆ. ಇಲ್ಲವಾದರೆ ನಾಳೆ ಊರಿಗೆ ಹೊರಡುತ್ತೇನೆ" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಕೂತಿತ್ತು.

ಗುರುಗಳು ಗಂಟನ್ನೂ ನೋಡಿದರು, ಅವನನ್ನೂ ನೋಡಿದರು. "ಹೊರಡುವುದಿದ್ದರೆ ಹೊರಡು. ಒಂದು ಕತೆ ಕೇಳಿಕೊಂಡು ಹೋಗು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಾಣೆಗಾರನಿದ್ದ. ಕತ್ತರಿ, ಉಳಿ, ಕುಡುಗೋಲು, ಏನು ಕೊಟ್ಟರೂ ಹರಿತ ಮಾಡಿಕೊಡುವವನು. ಅವನ ಬದುಕೆಲ್ಲ ನಿಂತದ್ದು ಒಂದು ಹಳೆಯ ಸಾಣೆಯಂತ್ರದ ಮೇಲೆ. ಎರಕದ ಕಬ್ಬಿಣದ ಮೈ, ಒಂದು ಉಕ್ಕಿನ ದಂಡ, ದಂಡದ ತುದಿಗೆ ಸಾಣೆಕಲ್ಲಿನ ಚಕ್ರ. ದಂಡ ತಿರುಗುವುದು ಹಿತ್ತಾಳೆಯ ಬಳೆಯೊಂದರ ಒಳಗೆ. ಅದಕ್ಕೆ ಬುಷ್ ಎನ್ನುತ್ತಾರೆ. ಯಂತ್ರ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯದು. ಮೇಸ್ತ್ರಿ ಸಾಯುವ ಮುಂಚೆ ಅದನ್ನು ಇವನ ಕೈಗೆ ಒಪ್ಪಿಸಿ ಹೋಗಿದ್ದ. ಆಯುಧಪೂಜೆಯ ದಿನ ಸಾಣೆಗಾರ ಮೊದಲ ಕುಂಕುಮ ಇಡುತ್ತಿದ್ದುದು ಅದಕ್ಕೇ.

ಒಂದು ದಿನ ಚಕ್ರ ನಡುಗತೊಡಗಿತು. ಹರಿತವಾಗಬೇಕಾದ ಕತ್ತರಿ ಗರಗಸದ ಹಾಗೆ ಹಲ್ಲುಹಲ್ಲಾಗಿ ಬಂತು. ಬಿಚ್ಚಿ ನೋಡಿದರೆ ಬುಷ್ ಸವೆದಿತ್ತು. ಯಂತ್ರ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅಂಥ ಬುಷ್ ಎಲ್ಲೂ ಸಿಗದು. ಸುದ್ದಿ ಹೇಗೆ ಮುಟ್ಟಿತೋ, ಗುಜರಿಯವನು ಬಂದು ಯಂತ್ರದ ಸುತ್ತ ಒಂದು ಸುತ್ತು ಹಾಕಿ ನೋಡಿದ. ಸಾಣೆಗಾರ ಯಂತ್ರಕ್ಕೆ ಅಡ್ಡ ನಿಂತ. ಮುಂದಿನ ಸಂತೆಗೆ ಬಾ ಎಂದು ಅವನನ್ನು ಸಾಗಹಾಕಿದ.

ಅವನ ಹತ್ತಿರ ಇದ್ದದ್ದು ಒಂದು ಗರಗಸ, ಒಂದು ಕೈಡ್ರಿಲ್, ಕೆಲವು ಅರಗಳು, ಅಷ್ಟೇ. ಹೆಂಡತಿಯನ್ನು ಕಾಡಿ ಬೇಡಿ ಏಲಕ್ಕಿ ಕುಟ್ಟುವ ಹಿತ್ತಾಳೆಯ ಕೋಲನ್ನು ಇಸಿದುಕೊಂಡ. ಸವೆದ ಬುಷ್ಷನ್ನು ಕಣ್ಣಿಗೊತ್ತಿಕೊಂಡು ಎದುರಿಗಿಟ್ಟುಕೊಂಡ. ಹಿತ್ತಾಳೆ ಕೊಯ್ದ, ತೂತು ಕೊರೆದ. ತೂತು ದುಂಡಗೆ ಬಂತು. ಆದರೆ ಹಳೆಯದರ ತೂತು ದುಂಡಗಿರಲಿಲ್ಲ. ಯಂತ್ರ ತಿರುಗಿಸುವ ಬೆಲ್ಟು ವರ್ಷಗಟ್ಟಲೆ ದಂಡವನ್ನು ಒಂದೇ ಕಡೆ ಜಗ್ಗಿ ಜಗ್ಗಿ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮೇಸ್ತ್ರಿಯದು ಹೀಗಿಲ್ಲವಲ್ಲ ಎಂದುಕೊಂಡು ಸಾಣೆಗಾರ ಅರ ತೆಗೆದುಕೊಂಡ. ದುಂಡಗಿದ್ದದ್ದನ್ನು ಒಂದು ಕಡೆ ತೀಡಿ ತೀಡಿ ಮೊಟ್ಟೆಯಾಕಾರ ಮಾಡಿದ. ನಗಬೇಡ ಚೆನ್ನಮಲ್ಲ. ದುಂಡು ತೂತನ್ನು ಯಾರು ಬೇಕಾದರೂ ಕೊರೆಯಬಹುದು. ಸವೆತವನ್ನು ಅಳತೆ ತಪ್ಪದೆ ಹೊಸದಾಗಿ ಮಾಡುವುದಕ್ಕೆ ಕೈಯಲ್ಲಿ ವಿದ್ಯೆಯೇ ಇರಬೇಕು.

ಬುಷ್ ಕೂರಿಸಿ ಯಂತ್ರ ತಿರುಗಿಸಿದ. ಚಕ್ರ ಮೊದಲಿನಂತೆಯೇ ನಡುಗಿತು. ಎಲ್ಲೋ ಕೂದಲೆಳೆಯಷ್ಟು ತಪ್ಪಿರಬೇಕು ಎಂದುಕೊಂಡು ಇನ್ನೊಂದು ಮಾಡಿದ. ಈ ಸಲ ಹಳೆಯದರೊಳಗಿನ ಗೀರನ್ನೂ ಬಿಡಲಿಲ್ಲ, ಪಾಪ. ಅದೂ ನಡುಗಿತು. ಆಮೇಲೆ ಅವನಿಗೆ ಬೇಸರಕ್ಕಿಂತ ಸೋಜಿಗವೇ ಹೆಚ್ಚಾಯಿತು. ಎಲ್ಲ ಸರಿಯಿದೆ, ಮತ್ತೆ ಯಾಕೆ ನಡುಗುತ್ತದೆ? ಬುಷ್ಷುಗಳನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತ ಕೂತ.

ಆಗ ಒಬ್ಬ ದರ್ಜಿ ಹೆಂಗಸು ತನ್ನ ಕತ್ತರಿ ಕೇಳಿಕೊಂಡು ಬಂದಳು. ಅವನ ಅಂಗೈಗೆ ಬಗ್ಗಿ ನೋಡಿ, "ಇದರಾಗ ಹಳೇದು ಯಾವುದಪಾ?" ಎಂದಳು.

"ಗೊತ್ತಾಗೂದಿಲ್ಲಲ್ಲ? ಹಂಗ ಮಾಡೀನಿ ನೋಡಕ್ಕ" ಎಂದ ಸಾಣೆಗಾರ. ಸೋತಿದ್ದರೂ ಅಷ್ಟು ಹೆಮ್ಮೆ ಉಳಿದಿತ್ತು.

"ಅಲ್ಲಪಾ, ಹಳೇದು ಕೆಟ್ಟೈತಿ ಅಂತನ ಅಲ್ಲೇನು ನೀ ತಗದದ್ದು?" ಎಂದಳು ಅವಳು. ಹೀಯಾಳಿಸಿದ್ದಲ್ಲ. ತಿಳಿಯದೆ ಕೇಳಿದ್ದು. ಕತ್ತರಿ ಇನ್ನೂ ಆಗಿಲ್ಲ ಎಂದು ತಿಳಿದು ಗೊಣಗುತ್ತ ಹೋದಳು.

ಸಾಣೆಗಾರ ಕೂತಲ್ಲೇ ಕೂತ. ಬುಷ್ ಹೊಸದಿದ್ದಾಗ ಹೇಗಿತ್ತು? ಅವನು ಕೆಲಸಕ್ಕೆ ಸೇರುವ ಹೊತ್ತಿಗೇ ಅದು ಅರ್ಧ ಸವೆದಿತ್ತು. ಹೊಸದನ್ನು ಕಂಡವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಯಾರನ್ನು ಕೇಳುವುದು? ಹೀಗೆ ಯೋಚಿಸುತ್ತಿರುವಾಗ ಅವನ ಕಣ್ಣು ದಂಡದ ಮೇಲೆ ಬಿತ್ತು. ಉಕ್ಕು ಸವೆದಿರಲಿಲ್ಲ. ಬುಷ್ ಇರುವುದೇ ಆ ದಂಡವನ್ನು ಹಿಡಿಯಲಿಕ್ಕೆ. ಹಾಗಿದ್ದರೆ ಅಳತೆಯನ್ನು ದಂಡವೇ ಹೇಳಬೇಕಲ್ಲ?

ಮೇಸ್ತ್ರಿಯ ಬುಷ್ಷನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ಇನ್ನೊಂದು ತುಂಡಿನಲ್ಲಿ ದಂಡಕ್ಕಿಂತ ತುಸು ಸಣ್ಣ ತೂತು ಕೊರೆದ. ದಂಡಕ್ಕೆ ದೀಪದ ಮಸಿ ಬಳಿದು, ತೂತಿನೊಳಗೆ ಹೋದಷ್ಟು ಒತ್ತಿ, ತಿರುಗಿಸಿ ತೆಗೆದ. ಮಸಿ ಅಂಟಿದಲ್ಲಿ ಮಾತ್ರ ಕೆರೆದ. ಮತ್ತೆ ಬಳಿದ, ಮತ್ತೆ ಕೆರೆದ. ದಂಡ ಪೂರ್ತಿ ಒಳಗಿಳಿದು, ಮಸಿ ಸುತ್ತಲೂ ಒಂದೇ ಸಮ ಅಂಟುವ ತನಕ ಬಿಡಲಿಲ್ಲ. ಕೂರಿಸಿದಾಗ ಚಕ್ರ ಸದ್ದಿಲ್ಲದೆ ತಿರುಗಿತು. ಅವನು ಯಂತ್ರದ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟ. ಸಂತೆಯ ದಿನ ಗುಜರಿಯವನು ಬಂದು ಬರಿಗೈಯಲ್ಲಿ ಹೋದ.

ಗುರುಗಳು ಕತೆ ನಿಲ್ಲಿಸಿದರು.

"ಆ ಸಾಣೆಗಾರನಾದರೋ ಸವೆದ ಬುಷ್ಷನ್ನು ನೋಡಿ ಮೋಸಹೋದ. ನಾನು ನೋಡುತ್ತಿರುವುದು ನಿಮ್ಮನ್ನು. ನಿಮ್ಮಿಂದ ಕಲಿತದ್ದರಲ್ಲಿ ಸವೆತ ಎಲ್ಲಿಂದ ಬರಬೇಕು?" ಎಂದ ಚೆನ್ನಮಲ್ಲ.

ಗುರುಗಳು ನಕ್ಕರು. "ನನಗೆ ಎಡಗಿವಿ ಕೇಳಿಸುವುದಿಲ್ಲ, ಅದಕ್ಕೇ ಕತ್ತು ಓರೆ ಮಾಡಿ ಕೂರುತ್ತೇನೆ; ನೀನೂ ಹಾಗೇ ಕೂತಿದ್ದೀಯಲ್ಲ, ನಿನ್ನ ಕಿವಿಗೇನಾಗಿದೆ?"