ಗೊರವಂಕದ ರೂಪವಿಜ್ಞಾನ

ಕಾಲೇಜಿನ ಕಿಟಕಿಗೆ ತಾಗಿದ ಹೊಂಗೆಮರದಲ್ಲಿ ಅಳಿಲು, ಗೊರವಂಕ ನೆರೆಹೊರೆಯಾಗಿದ್ದವು. ಹಾವನ್ನು ಯಾರು ಮೊದಲು ಕಂಡರೂ ಕೂಗಿ ಹೇಳಬೇಕೆಂದು ಮಾತಾಗಿತ್ತು. ಪಾಠ ಕೇಳಿ ಕೇಳಿ ಗೊರವಂಕದ ಬಾಯಿಗೆ 'ರೂಪವಿಜ್ಞಾನ' ಎಂಬ ಪದ ಹತ್ತಿತು. ಆಕಾರ ಎನ್ನಬೇಕಾದಲ್ಲೆಲ್ಲ ಅದೇ. "ಇವತ್ತು ಮೋಡದ ರೂಪವಿಜ್ಞಾನ ಸೊಗಸಾಗಿದೆ" ಎನ್ನುತ್ತಿತ್ತು. ಅಳಿಲು ನಕ್ಕು ಸುಮ್ಮನಾಗುತ್ತಿತ್ತು.

ಒಂದು ಮಧ್ಯಾಹ್ನ ಗೊರವಂಕ ಮೇಲಿನಿಂದ, "ಅಳಿಲಕ್ಕಾ, ನಿನ್ನ ಕೊಂಬೆಯ ರೂಪವಿಜ್ಞಾನ ಬದಲಾಗುತ್ತಿದೆ" ಎಂದಿತು. ಎಂದಿನ ಹರಟೆಯೆಂದುಕೊಂಡು ಅಳಿಲು ಕಾಯಿ ಕಡಿಯುತ್ತಲೇ ಇತ್ತು. ತಿರುಗಿ ನೋಡುವಷ್ಟರಲ್ಲಿ ಕೊಂಬೆಗುಂಟ ಹರಿದು ಬಂದ ಹಾವು ಅಳಿಲಿನ ಮರಿಯನ್ನು ನುಂಗಿತ್ತು.

ಅಳಿಲಿಗೆ ಮೈಯೆಲ್ಲ ಉರಿದುಹೋಯಿತು. "ಹಾವು ಅನ್ನೋದಕ್ಕೆ ನಿನಗೇನು ಧಾಡಿ ಬಂದಿತ್ತು?"

"ನಾನು ಶಾಸ್ತ್ರೀಯವಾಗಿಯೇ ಹೇಳಿದೆ. ನಿನಗೆ ಅರ್ಥವಾಗದಿದ್ದರೆ ನಾನೇನು ಮಾಡಲಿ?"

ಹಾವಿನ ಹೊಟ್ಟೆ ತುಂಬಿರಲಿಲ್ಲ. ಅದು ಗೊರವಂಕದ ಪೊಟರೆಯತ್ತ ಹರಿಯಿತು. "ಹಾವು, ಹಾವು" ಎಂದು ಗೊರವಂಕ ಗಂಟಲು ಹರಿಯುವಂತೆ ಅರಚಿತು. ಕಾಗೆಗಳೆಲ್ಲ ಮುಗಿಬಿದ್ದು ಹಾವನ್ನು ಕುಕ್ಕಿ ಓಡಿಸಿದವು. ಪೊಟರೆಯ ಮರಿಗಳು ಉಳಿದವು.

ಅಳಿಲು ಬಂದು ಗೊರವಂಕದ ಎದುರಿಗೇ ಕೂತಿತು.

"ಹಾಗಾದರೆ ಆ ಪದ ನಿನಗೆ ಗೊತ್ತಿತ್ತು" ಎಂದಿತು.