ದೃಷ್ಟಿಬೊಂಬೆ ಹಾಕ್ಕೊಂಡ ಮಾಸ್ಕು

ನಮ್ಮಪ್ಪನಾಣೆಗೂ ಇದು ನಡೆದದ್ದೇ, ಸುಳ್ಳು ಅನ್ನೋನು ಎದುರಿಗೆ ಬಂದು ಅನ್ನಲಿ.

ಔಷಧಿ ಹೊಡೆಯೋವಾಗ ಹಾಕ್ಕೊಳ್ಳಿ ಅಂತ ರೈತರ ತರಬೇತೀಲಿ ಮುದ್ದೇಗೌಡನಿಗೆ ಮಾಸ್ಕು, ಕೈಗವಸು, ಕನ್ನಡಕ ಕೊಟ್ಟಿದ್ರು. ಹೊಸ ಸಾಮಾನು ಗಲೀಜಾಗ್ತದೆ ಅಂತ ಅವನು ಅದನ್ನೆಲ್ಲ ಟೊಮೆಟೊ ಹೊಲದ ದೃಷ್ಟಿಬೊಂಬೆಗೆ ತೊಡಿಸಿದ. ತಾನು ಬರೀ ಮೈಲಿ, ಗಾಳಿಗೆ ಎದುರಾಗಿ ಔಷಧಿ ಹೊಡೆಯೋಕೆ ನಿಂತ.

"ಗೌಡ್ರೆ, ನನಗೆ ಉಸಿರೇ ಇಲ್ಲ, ಒಳಗೆ ಬರೀ ಹುಲ್ಲು," ಅಂತು ಬೊಂಬೆ. "ಇದನ್ನ ನೀವು ಹಾಕ್ಕೊಳ್ಳಿ."

"ನನ್ನ ಎದೆ ಕಬ್ಬಿಣ ಕಣಲೇ. ನೀನು ಸುಮ್ನೆ ನೆಟ್ಟಗೆ ನಿಂತ್ಕೊ."

ಮುಂದಿನ ಸಾಲಿಗೇ ಕಬ್ಬಿಣದ ಎದೆ ಉಸಿರಿಗೆ ಒದ್ದಾಡ್ತು, ಕಣ್ಣಿಗೆ ಕತ್ತಲೆ ಬಂತು, ಗೌಡ ದೊಪ್ಪನೆ ಬಿದ್ದ. ಬೊಂಬೆ ಕಂಬದಿಂದ ಇಳಿದು, ಅವನ ಮೈಗೆ ನೀರು ಹುಯ್ದು ತೊಳೆದು, ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡ್ತು.

ಡಾಕ್ಟರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ್ರು. ಆಮೇಲೆ ಮಾಸ್ಕು ಹಾಕಿದ್ದ ಬೊಂಬೆಗೆ ಕುರ್ಚಿ ಕೊಟ್ಟು, "ಕೂತ್ಕೊಳ್ಳಿ ಯಜಮಾನ್ರೆ, ನಿಮ್ಮ ದೃಷ್ಟಿಬೊಂಬೆಗೆ ಏನಾಯ್ತು?" ಅಂದ್ರು.

ಜೀವ ಏನೋ ಉಳೀತು. ಬೊಂಬೆ ನಾನಲ್ಲ ಅನ್ನೋಕೂ ಗೌಡನ ಬಾಯಲ್ಲಿ ಶಕ್ತಿ ಇರಲಿಲ್ಲ. ಬೊಂಬೆ ಅವನ ಸೊಂಟದ ಚೀಲ ಬಿಚ್ಚಿ, ಯಜಮಾನನ ಗತ್ತಲ್ಲೇ ಬಿಲ್ಲು ಕಟ್ಟಿತು: ಆರು ಸಾವಿರದ ಮುನ್ನೂರ ನಲವತ್ತು ರೂಪಾಯಿ.